ಹೊಗೆಗೆ ಬಂದ ಅನುದಾನ

ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯ ಬದಿಯಲ್ಲಿ, ಕಲ್ಲು ತೆಗೆದು ಕೈಬಿಟ್ಟ ಗಣಿಯೊಂದರ ಪಕ್ಕಕ್ಕೆ ನಮ್ಮ ಇಂಧನ ಸಂಶೋಧನಾ ಕೇಂದ್ರವಿದೆ. ಸರ್ಕಾರದ್ದು. ನಾನು ಅಲ್ಲಿ ಖರೀದಿ ವಿಭಾಗದ ಗುಮಾಸ್ತೆ. ಸೇಡಂನಲ್ಲಿ ಬೆಳಗಿನ ರೈಲು ಹತ್ತುತ್ತೇನೆ, ಚಿತ್ತಾಪುರದಲ್ಲಿ ನಮ್ಮ ಲೆಕ್ಕಾಧಿಕಾರಿ ಹತ್ತುತ್ತಾರೆ, ಇಬ್ಬರೂ ವಾಡಿಯಲ್ಲಿ ಇಳಿದು ಒಂದೇ ಆಟೋದಲ್ಲಿ ಕೇಂದ್ರಕ್ಕೆ ಹೋಗುತ್ತೇವೆ. ಅಲ್ಲಿ ಏನು ಸಂಶೋಧನೆ ನಡೆಯುತ್ತದೆ ಎಂದು ರೈಲಿನಲ್ಲಿ ಯಾರಾದರೂ ಕೇಳಿದರೆ, ಬಂದ ದುಡ್ಡನ್ನು ಮಾರ್ಚ್ ಒಳಗೆ ಖಾಲಿ ಮಾಡುವುದು ಹೇಗೆ ಎಂಬುದರ ಮೇಲೆ ನಡೆಯುತ್ತದೆ ಅನ್ನುತ್ತೇನೆ. ಜನ ನಗುತ್ತಾರೆ. ಲೆಕ್ಕಾಧಿಕಾರಿ ಮಾತ್ರ ಕಿಟಕಿಯಾಚೆ ನೋಡುತ್ತಾರೆ.

ಈ ದುಡ್ಡಿನ ದಾರಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾರಿಗೂ ನಂಬಿಕೆಯಾಗಲಿಕ್ಕಿಲ್ಲ. ದೊಡ್ಡ ಪಾಲು ದಿಲ್ಲಿಯಿಂದ ಬರುತ್ತದೆ, ಸಣ್ಣ ಪಾಲು ಬೆಂಗಳೂರಿನಿಂದ. ಏಪ್ರಿಲ್‌ನಲ್ಲಿ ಮಂಜೂರಾಗುವುದು ಬರೀ ಕಾಗದ. ನಿಜವಾದ ಹಣ ಖಾತೆಗೆ ಬೀಳುವುದು ಸಂಕ್ರಾಂತಿ ಕಳೆದ ಮೇಲೆ. ಮಾರ್ಚ್ ಮುಗಿಯುವುದರೊಳಗೆ ಅದು ಖರ್ಚಾಗಿ, ಖರ್ಚಾಯಿತೆಂಬ ಪ್ರಮಾಣಪತ್ರ ದಿಲ್ಲಿಗೆ ಹೋಗಬೇಕು. ಉಳಿಸಿದರೆ ಬಡ್ಡಿ ಸಮೇತ ವಾಪಸು ಕೊಡಬೇಕು, ಮೇಲಾಗಿ ಮುಂದಿನ ವರ್ಷದ ಅನುದಾನಕ್ಕೆ ಕತ್ತರಿ. ಅಂದರೆ ಜತನದಿಂದ ಖರ್ಚು ಮಾಡಿದವನಿಗೆ ಶಿಕ್ಷೆ, ಗಾಳಿಗೆ ತೂರಿದವನಿಗೆ ಶಾಬಾಸ್‌ಗಿರಿ. ವರ್ಷವಿಡೀ ಒಂದು ಬಲ್ಬು ಬದಲಿಸಲು ಕೈ ನಡುಗುವ ನಮ್ಮ ದೊಡ್ಡವರು, ಫೆಬ್ರವರಿ ಬಂತೆಂದರೆ ಮದುವೆ ಮನೆಯ ಯಜಮಾನರ ಹಾಗೆ ಓಡಾಡತೊಡಗುತ್ತಾರೆ.

ಬರುವ ಹಣಕ್ಕೆ ಮೂರು ಡಬ್ಬಿಗಳಿವೆ. ಒಂದು ಸಾಮಾನು ಕೊಳ್ಳಲು, ಒಂದು ಪಗಾರಕ್ಕೆ, ಒಂದು ಸಭೆ, ಸಮಾರಂಭ ಮತ್ತು ಓಡಾಟಕ್ಕೆ. ಒಂದು ಡಬ್ಬಿಯಿಂದ ತೆಗೆದು ಇನ್ನೊಂದಕ್ಕೆ ಹಾಕುವಂತಿಲ್ಲ. ಕೊಂಡ ಸಾಮಾನು ಕೆಟ್ಟರೆ ರಿಪೇರಿ ಮಾಡಿಸಲು ಡಬ್ಬಿಯೇ ಇಲ್ಲ. ದಿಲ್ಲಿಯಲ್ಲಿ ಈ ನಿಯಮ ಬರೆದವರ ಮನೆಗಳಲ್ಲಿ ಯಾವ ವಸ್ತುವೂ ಕೆಡುವುದಿಲ್ಲವೋ, ಕೆಟ್ಟದ್ದನ್ನು ಅವರು ಬಿಸಾಡುತ್ತಾರೋ, ನನಗೆ ತಿಳಿಯದು.

ಒಂದು ಮಾರ್ಚ್‌ನಲ್ಲಿ ಅತಿಥಿಗೃಹಕ್ಕೆ ನೆಲ ಹಾಸಿಸಿದೆವು. ಈ ನಾಡಿನಲ್ಲಿ ಎಲ್ಲಿ ಅಗೆದರೂ ಹಾಸುಗಲ್ಲು. ದನದ ಕೊಟ್ಟಿಗೆಯಿಂದ ಮಸೀದಿಯ ಅಂಗಳದವರೆಗೆ ಶಹಾಬಾದಿ ಫರಶಿಯ ಮೇಲೆಯೇ ನಾವೆಲ್ಲ ಹುಟ್ಟಿ ಬೆಳೆದದ್ದು. ಕೇಂದ್ರದ ಕಾಂಪೌಂಡಿನಾಚೆಯೇ ಅದು ರಾಶಿ ಬಿದ್ದಿದೆ. ನಮ್ಮ ನಿರ್ದೇಶಕರ ಕಣ್ಣಿಗೆ ಅದು ಹತ್ತಲಿಲ್ಲ. ಗುಜರಾತಿನಿಂದ ಹೊಳೆಯುವ ಟೈಲ್ಸ್ ತರಿಸಿದರು. ಮೂರು ದರಪಟ್ಟಿ ಬೇಕೆಂಬ ನಿಯಮಕ್ಕೆ ಒಬ್ಬನೇ ವ್ಯಾಪಾರಿ ಮೂರು ಅಂಗಡಿಗಳ ಹೆಸರಿನಲ್ಲಿ ಬರೆದು ಕೊಟ್ಟ. ಮೂರರಲ್ಲೂ ಅಕ್ಷರ ಒಂದೇ, ವಕ್ರವೂ ಒಂದೇ. ಹೊಸ ನೆಲದ ಮೇಲೆ ಕಾಲಿಟ್ಟ ಮೊದಲ ಅತಿಥಿ, ದಿಲ್ಲಿಯ ಒಬ್ಬ ಅಧಿಕಾರಿ, ಜಾರಿ ಬಿದ್ದು ಸೊಂಟ ಹಿಡಿದುಕೊಂಡ. ನನಗೆ ಅಂದು ಮಧ್ಯಾಹ್ನದ ಊಟ ರುಚಿಸಿತು.

ಇದೆಲ್ಲ ನೋಡಿ ನಗುತ್ತಾ ಕಾಲ ಕಳೆಯಬಹುದಿತ್ತು. ಆದರೆ ಇವರ ಸಂಶೋಧನೆ ನನ್ನ ಅಕ್ಕನ ಅಡುಗೆಮನೆಗೆ ಹೊಕ್ಕಿತು.

ಅಕ್ಕ ಇರುವುದು ಕೊಡ್ಲಿಯಲ್ಲಿ. ಭಾವ ಸಿಮೆಂಟ್ ಲಾರಿಯ ಚಾಲಕ, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ ಇರುತ್ತಾನೆ. ಅಕ್ಕ ಓಣಿಯ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿ ಸೇಡಂ, ವಾಡಿಗಳ ಖಾನಾವಳಿಗಳಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದಳು. ಒಲೆಗೆ ತೊಗರಿ ಕಟ್ಟಿಗೆ. ನಮ್ಮ ಕಡೆ ತೊಗರಿ ಬಡಿದ ಮೇಲೆ ಉಳಿಯುವ ಆ ಒಣ ಕಡ್ಡಿಗಳೇ ಬಡವರ ಉರುವಲು, ಹೊಲದವರು ಪುಕ್ಕಟೆ ಕೊಡುತ್ತಾರೆ. ಗ್ಯಾಸ್ ಮೇಲೆ ರೊಟ್ಟಿ ಮಾಡಿದರೆ ಗಳಿಕೆಯೆಲ್ಲ ಸಿಲಿಂಡರ್‌ಗೇ ಹೋಗುತ್ತದೆ. ಹೀಗೆ ವರ್ಷಗಟ್ಟಲೆ ಹೊಗೆಯ ಮುಂದೆ ಕೂತು ಅಕ್ಕನಿಗೆ ದಮ್ಮು ಹತ್ತಿತ್ತು. ಕಲಬುರಗಿಯ ಡಾಕ್ಟರು ಖಂಡಿತವಾಗಿ ಹೇಳಿದ್ದರು: ಹೊಗೆಯಿಂದ ದೂರ ಇರಬೇಕು, ಇಲ್ಲದಿದ್ದರೆ ಒಂದು ದಿನ ರೊಟ್ಟಿ ಬಡಿಯುವುದಿರಲಿ, ನಾಲ್ಕು ಹೆಜ್ಜೆ ನಡೆಯಲೂ ಆಗುವುದಿಲ್ಲ. ಆ ರೊಟ್ಟಿಯೇ ಅವಳ ಮರ್ಯಾದೆ. ಗಂಡನ ಮುಂದೆ ಕೈಚಾಚದೆ ಬದುಕಿದ ಹೆಂಗಸು ಅವಳು.

ಆ ಹೊತ್ತಿಗೇ ನಮ್ಮ ಕೇಂದ್ರದವರು ತೊಗರಿ ಕಟ್ಟಿಗೆಯನ್ನು ಹೊಗೆಯಿಲ್ಲದೆ ಉರಿಸುವ ಒಲೆಯೊಂದನ್ನು ಮಾಡಿದರು. ಉಕ್ಕಿನ ಒಲೆ, ಅಡಿಯಲ್ಲಿ ಗಾಳಿ ಊದುವ ಪುಟ್ಟ ಫ್ಯಾನು, ಅದಕ್ಕೆ ಚಾವಣಿಯ ಮೇಲಿನ ಸೋಲಾರ್ ಹಲಗೆಯಿಂದ ಕರೆಂಟು. ಪ್ರಾತ್ಯಕ್ಷಿಕೆಗೆ ಒಂದು ಹಳ್ಳಿ ಬೇಕಿತ್ತು. ನಮ್ಮವರು ಹಳ್ಳಿ ಆರಿಸುವುದು ಹೇಗೆಂದರೆ, ಕಾರು ಮನೆ ಬಾಗಿಲವರೆಗೆ ಹೋಗಬೇಕು ಮತ್ತು ಊಟದ ಹೊತ್ತಿಗೆ ವಾಪಸು ಬರಲು ಆಗಬೇಕು. ಕೊಡ್ಲಿ ಎರಡಕ್ಕೂ ಒಪ್ಪಿತು. ರೊಟ್ಟಿ ಮಾಡುವ ಮನೆಯಾದರೆ ಫೋಟೋ ಚೆನ್ನಾಗಿ ಬರುತ್ತದೆಂದು ಅಕ್ಕನ ಮನೆ ಗೊತ್ತಾಯಿತು.

ಉದ್ಘಾಟನೆ ನಡೆಯಿತು. ಶಾಮಿಯಾನ, ಶಾಲು, ಹಾರ, ಮೈಕು, ಗೋಡೆ ತುಂಬ 'ಹೊಗೆಮುಕ್ತ ಅಡುಗೆಮನೆ' ಎಂಬ ಬ್ಯಾನರು. ನಿರ್ದೇಶಕರು ಅಂಗಿಯ ತೋಳು ಮಡಚಿ ಒಂದು ರೊಟ್ಟಿ ಬಡಿದರು. ಅದು ಭಾರತದ ಭೂಪಟದ ಹಾಗೂ ಇರಲಿಲ್ಲ, ರೊಟ್ಟಿಯ ಹಾಗೂ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಲ್ಲುಗಳೆಲ್ಲ ನನ್ನ ಮೇಜಿಗೇ ಬಂದವು. ಶಾಮಿಯಾನ ಮತ್ತು ಊಟದ ಖರ್ಚಿನಲ್ಲಿ ಊರಿಗೆಲ್ಲ ಅಂಥ ಒಲೆ ಹಾಕಿಕೊಡಬಹುದಿತ್ತು. ಆದರೆ ಅದು ಬೇರೆ ಡಬ್ಬಿ.

ಅನ್ಯಾಯವಾಗಿ ಮಾತಾಡಬಾರದು, ಒಲೆ ಮಾತ್ರ ಚೆನ್ನಾಗಿತ್ತು. ಇಷ್ಟು ಜನ ಕೈಲಾಗದವರ ನಡುವೆ ಅಷ್ಟು ಒಳ್ಳೆಯ ವಸ್ತು ಹೇಗೆ ಹುಟ್ಟಿತೋ ನಾ ಕಾಣೆ. ನಾನು ಭಾನುವಾರ ಕೊಡ್ಲಿಗೆ ಹೋದಾಗ ಅಕ್ಕ ಒಲೆಯ ಮುಂದೆ ನೆಟ್ಟಗೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ನಿಂತಿತ್ತು.

"ನೋಡು ತಂಗಿ, ಕಣ್ಣಾಗ ನೀರೇ ಬರಲ್ದು," ಅಂದಳು. "ರಾತ್ರಿ ಛಲೋ ನಿದ್ದಿ ಬರ್ಲಿಕತ್ತಾದ. ನಿಮ್ಮ ಸಾಹೇಬ್ರಿಗಿ ಹೇಳು, ಅವರ ಹೊಟ್ಟಿ ತಣ್ಣಗಿರ್ಲಿ."

ನಾನು ಹೇಳಿದೆ. ನಿರ್ದೇಶಕರು ಅದನ್ನು ಇಂಗ್ಲಿಷಿಗೆ ತಿರುಗಿಸಿ ವರದಿಯ ಮುಖಪುಟದಲ್ಲಿ ಹಾಕಿಸಿದರು.

ಮಳೆಗಾಲದಲ್ಲಿ ಫ್ಯಾನು ನಿಂತಿತು. ಬೂದಿ ಹೊಕ್ಕು ಸುಟ್ಟುಹೋಗಿತ್ತು. ಫ್ಯಾನಿಲ್ಲದೆ ಆ ಒಲೆ ಒಂದು ಉಕ್ಕಿನ ಡಬ್ಬ, ಅಷ್ಟೇ. ಅಕ್ಕ ಅದರ ಪಕ್ಕದಲ್ಲೇ ಮತ್ತೆ ಮಣ್ಣಿನ ಒಲೆ ಹೂಡಿ ಕೆಮ್ಮುತ್ತಾ ಕೂತಳು. ಅಂಥ ಒಲೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಸಿಕ್ಕಿದ್ದರೆ ನಾನೇ ತಂದುಕೊಡುತ್ತಿದ್ದೆ. ಮರುದಿನ ರೈಲಿನಲ್ಲಿ ಲೆಕ್ಕಾಧಿಕಾರಿಯನ್ನು ಕೇಳಿದೆ. ಕೆಟ್ಟ ಮನುಷ್ಯನಲ್ಲ ಅವರು. ನಿಯಮಗಳನ್ನು ಓದಿ ಓದಿ, ನಿಯಮದಲ್ಲಿ ಇಲ್ಲದ ಯಾವುದೂ ಜಗತ್ತಿನಲ್ಲಿ ಇರುವುದಿಲ್ಲವೆಂದು ನಂಬಿದವರು.

"ಮೇಡಂ, ಒಲಿ ಅಂದ್ರ ಆಸ್ತಿ. ಫ್ಯಾನ್ ಕೆಟ್ಟದ ಅಂದ್ರ ಅದು ಖರ್ಚು," ಅಂದರು. "ಆಸ್ತಿಗಿ ರೊಕ್ಕ ಅದ, ಖರ್ಚಿಗಿ ಇಲ್ಲ. ನಾ ಏನ್ ಮಾಡ್ಲಿ ಹೇಳ್ರಿ?"

"ಹಂಗಾರ ಹೊಸಾ ಒಲಿನೇ ಕೊಟ್ಟುಬಿಡ್ರಿ ಸರ್."

"ಹ್ಯಾಂಗ ಕೊಡ್ಲಿಕ್ಕ ಬರ್ತದ? ಹಳೀದು ಕಾಗದದಾಗ ಇನ್ನೂ ಜಿಂದಾ ಅದ. ಅದರ ಆಯುಷ್ಯ ಮುಗ್ದಿಲ್ಲ. ಅದು ಸತ್ತದ ಅಂತ ಕಮಿಟಿ ಬರ್ದು ಕೊಡಬೇಕು."

"ಕಮಿಟಿ ಯಾವಾಗ ಬರ್ತದ್ರಿ?"

"ಕಮಿಟಿನೇ ಇನ್ನ ಆಗಿಲ್ರಿ," ಎಂದು ಅವರು ಊಟದ ಡಬ್ಬಿಯ ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿಕೊಂಡರು.

ಮುಂದಿನ ಮಾರ್ಚ್‌ನಲ್ಲಿ ಸಾಮಾನಿನ ಡಬ್ಬಿಯಲ್ಲಿ ಹಣ ಉಳಿದಿತ್ತು. ಸಭಾಂಗಣಕ್ಕೆ ತಿರುಗುವ ಕುರ್ಚಿಗಳು ಬಂದವು. ಹಳೆಯ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಅದರ ಜೊತೆಗೆ ಪರದೇಶದಿಂದ ಒಂದು ಯಂತ್ರ ತರಿಸಿದರು, ಅಡುಗೆಮನೆಯ ಹೊಗೆ ಅಳೆಯುವ ಯಂತ್ರ. ಗೋಡೆಗೆ ತೂಗುಹಾಕುವ ಬಿಳಿ ಪೆಟ್ಟಿಗೆ. ಒಳಗೆ ಮೊಬೈಲಿನಂತೆ ಸಿಮ್ ಇದೆ, ಎಷ್ಟು ಹೊಗೆ ಎಂಬುದು ಗೆರೆಯಾಗಿ ಕೇಂದ್ರದ ಕಂಪ್ಯೂಟರಿನ ಮೇಲೆ ಮೂಡುತ್ತದೆ. ಖರೀದಿ ಆದೇಶ ಟೈಪು ಮಾಡಿದ್ದು ನಾನೇ, ಅದರ ಬೆಲೆ ನೋಡಿ ಸೊನ್ನೆಗಳನ್ನು ಎರಡು ಸಲ ಓದಿದೆ. ಹೊಗೆ ಹೋಗಿಸುವ ಫ್ಯಾನಿಗೆ ದುಡ್ಡಿಲ್ಲ, ಹೊಗೆ ಎಷ್ಟಿದೆಯೆಂದು ನೋಡಲು ದುಡ್ಡಿದೆ. ಮೈಯೆಲ್ಲ ಉರಿಯಿತು.

ಅವರನ್ನು ಕಾಯುತ್ತ ಕೂರುವುದು ಸಾಕೆನಿಸಿ ಬೇಸಿಗೆಯಲ್ಲಿ ನಾನೇ ಸೇಡಂನ ಒಬ್ಬ ರೇಡಿಯೋ ಮೆಕ್ಯಾನಿಕ್‌ನನ್ನು ಕೊಡ್ಲಿಗೆ ಕರೆದೊಯ್ದೆ. ಆತ ಒಲೆಯನ್ನು ಬೋರಲು ಹಾಕಿ, ಹಳೆ ಕಂಪ್ಯೂಟರಿನಿಂದ ತೆಗೆದ ಫ್ಯಾನೊಂದನ್ನು ಕೂರಿಸಿ, ಚಹಾ ಕುಡಿದು, ನನ್ನಿಂದ ಬಸ್‌ಚಾರ್ಜಿಗಿಂತ ತುಸು ಹೆಚ್ಚು ಪಡೆದು ಹೋದ. ಒಲೆ ಮತ್ತೆ ಸೊಯ್ಯೆಂದಿತು. ಒಂದು ತಿಂಗಳಲ್ಲಿ ಅಕ್ಕನ ಮಾತಿನ ನಡುವೆ ಬರುತ್ತಿದ್ದ ಏದುಸಿರು ಕಡಿಮೆಯಾಯಿತು. ಫೋನಿನಲ್ಲಿ ಒಂದೇ ಉಸಿರಿಗೆ ನೆರೆಮನೆಯವರ ಮೂರು ಜಗಳ ಹೇಳುವಷ್ಟು ಸುಧಾರಿಸಿದಳು. ಮಸಿ ಹಿಡಿದಿದ್ದ ಅಡುಗೆಮನೆಗೆ ಸುಣ್ಣವನ್ನೂ ಹಚ್ಚಿಸಿದಳು. ನನಗೆ ಖುಷಿಯೋ ಖುಷಿ.

ಯಂತ್ರ ತೂಗುಹಾಕಲು ನಿರ್ದೇಶಕರು ಮಳೆಗಾಲದ ಕೊನೆಗೆ ಕೊಡ್ಲಿಗೆ ಹೊರಟರು. ಜೊತೆಗೆ ಈ ಯೋಜನೆಗೆಂದೇ ನೇಮಿಸಿದ್ದ ಸಂಶೋಧಕ. ಇಬ್ಬರೂ ಬೆಂಗಳೂರು ಕಡೆಯವರು, ನಮ್ಮ ಕಡೆಯ ಮಾತು ಸರಿಯಾಗಿ ತಿಳಿಯುವುದಿಲ್ಲವೆಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಆ ಮನೆಯಾಕೆ ನನ್ನ ಅಕ್ಕ ಎಂಬುದು ಅವರಿಗೆ ಗೊತ್ತಿತ್ತು. ಅದು ಒಳ್ಳೆಯದೇ ಆಯಿತು ಅಂದರು.

ಅಡುಗೆಮನೆಗೆ ಕಾಲಿಟ್ಟ ಸಂಶೋಧಕ ಮೂಗು ಎಳೆದು ನೋಡಿದ. ಹೊಗೆಯೇ ಇಲ್ಲ! ಅವನ ಮುಖ ಬಾಡಿತು. ಒಲೆಯ ಅಡಿ ಬಗ್ಗಿ ನೋಡಿ, "ಸರ್, ಯಾರೋ ಫ್ಯಾನ್ ಹಾಕಿದ್ದಾರೆ," ಎಂದು ಕಳ್ಳತನ ಕಂಡವರಂತೆ ಕೂಗಿದ.

"ನಾನೇ ಹಾಕಿಸಿದ್ದು," ಅಂದೆ.

ನಿರ್ದೇಶಕರು ನನ್ನತ್ತ ನೋಡಿದ ನೋಟದಲ್ಲಿ ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು. "ಮೇಡಂ, ಸರ್ಕಾರಿ ಆಸ್ತಿ ಬಿಚ್ಚಬಾರದು. ಅದಕ್ಕಿಂತ ಮುಖ್ಯ ವಿಷಯ ಅಂದ್ರೆ, ನಮಗೆ ಈಗ ಬಂದಿರೋ ಅನುದಾನ ಹೊಗೆ ಇರೋ ಅಡುಗೆಮನೆಯ ಅಧ್ಯಯನಕ್ಕೆ. ಮೊದಲು ಒಂದು ವರ್ಷ ಇರೋ ಸ್ಥಿತಿಯನ್ನೇ ಅಳೀಬೇಕು. ನೀವು ಹೀಗೆ ಮಾಡಿದ್ರೆ ಡೇಟಾ ಹಾಳಾಗುತ್ತೆ."

"ಆಕೆಗೆ ದಮ್ಮು ಇದೆ ಸರ್."

"ಅದಕ್ಕೇ ಈ ಮನೆ ಬಹಳ ಮುಖ್ಯ," ಅಂದರು.

ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. ಅವರು ಅದನ್ನು ಕ್ರೌರ್ಯದಿಂದ ಆಡಲಿಲ್ಲ, ಹೊಗಳಿಕೆಯ ಧಾಟಿಯಲ್ಲಿ ಆಡಿದರು. ಸಂಶೋಧಕ ಫ್ಯಾನು ಕಿತ್ತು ನನ್ನ ಕೈಗೆ ಕೊಟ್ಟ. ಒಲೆಯ ಬಾಯಿಗೆ ಕೇಂದ್ರದ ಮೊಹರಿನ ಪಟ್ಟಿ ಅಂಟಿಸಿದ. ಮಣ್ಣಿನ ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ಬಿಳಿ ಪೆಟ್ಟಿಗೆಯನ್ನು ತೂಗುಹಾಕಿದ. ವರ್ಷ ಮುಗಿದ ಕೂಡಲೇ ಎರಡನೆಯ ಕಂತಿನಲ್ಲಿ ಹೊಸ ಮಾದರಿಯ ಒಲೆ, ಅದೂ ಈ ಮನೆಗೇ ಮೊದಲು ಎಂದು ಮಾತು ಕೊಟ್ಟರು. ನಾನು ಅನುವಾದ ಮಾಡಲಿಲ್ಲ. ಅಕ್ಕನಿಗೆ ಎಲ್ಲ ತಿಳಿದಿತ್ತು.

"ಬಿಡು ತಂಗಿ, ಒಂದ್ ವರ್ಷ ತಾನೇ," ಅಂದಳು. "ಸರ್ಕಾರದವರ ಜತಿ ಜಗಳಾಡಿ ನಿನ್ನ ನೌಕರಿಗಿ ಕಲ್ಲು ಬೀಳಾದು ಬ್ಯಾಡ. ಹೊಸಾದು ಕೊಡ್ತೀನಿ ಅಂದಾರಲ್ಲ."

ಅವರು ಹೋದ ಮೇಲೆ ಫ್ಯಾನು ಮತ್ತೆ ಹಾಕಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆ ಪೆಟ್ಟಿಗೆ ಕಾವಲು ಕೂತಿತ್ತಲ್ಲ! ಅಂಗಳದಲ್ಲಿ ಒಲೆ ಹೂಡು ಎಂದು ಅಕ್ಕನಿಗೆ ಹೇಳಿದ್ದೆ. ಒಂದು ದಿನ ಹೂಡಿದಳು. ಗಾಳಿಗೆ ಉರಿ ನಿಲ್ಲಲಿಲ್ಲ, ರೊಟ್ಟಿ ಮೆತ್ತಗಾದವು. ಅಷ್ಟರಲ್ಲಿ ಸಂಶೋಧಕನ ಫೋನು ಬಂತು. ಗೆರೆ ಕೆಳಗಿಳಿದಿದೆ, ಯಂತ್ರ ಕೆಟ್ಟಿದೆಯೋ ನೀವು ಒಲೆ ಹಚ್ಚಿಲ್ಲವೋ ಎಂದು ವಿಚಾರಿಸಿದನಂತೆ. ನಿಯಮ ಮುರಿದರೆ ಹೊಸ ಒಲೆಯ ಪಟ್ಟಿಯಿಂದ ಹೆಸರು ಹೋಗುತ್ತದೆಂದೂ ಅಂದನಂತೆ.

"ನೀ ಏನ್ ಅಂದಿ?" ಎಂದು ಕೇಳಿದೆ.

"ಏನ್ ಅನ್ನಬೇಕು? ಹೊಗಿ ಕಮ್ಮಿ ಬಿದ್ದಾದೇನ್ರಿ ಸಾಹೇಬ್ರ, ಹಾಕ್ತೀನಿ ತಡೀರಿ ಇನ್ನ ನಾಕು ಕಟಗಿ, ಅಂದೆ," ಎಂದು ನಕ್ಕಳು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಹೊಗೆ ಕಡಿಮೆಯಾಯಿತೆಂದು ಫೋನು ಮಾಡಿ ವಿಚಾರಿಸುವ ಸರ್ಕಾರವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಊರಿನ ನಲ್ಲಿಯಲ್ಲಿ ವಾರಗಟ್ಟಲೆ ನೀರು ಬಾರದಿದ್ದರೂ ಯಾರೊಬ್ಬರ ಫೋನೂ ಬಾರದ ಕೊಡ್ಲಿಯಲ್ಲಿ, ಒಂದು ಹೊತ್ತು ಹೊಗೆ ಬಾರದಿದ್ದರೆ ಇಷ್ಟು ಕಾಳಜಿ.

ನಮ್ಮ ಕಡೆ ಎಳ್ಳಮಾವಾಸ್ಯೆ ಎಂದರೆ ಊರೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಭಜ್ಜಿ ಪಲ್ಯೆ. ಪೇಟೆಯವರು ಈಗ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ, ಖಾನಾವಳಿಗೆ ಹೇಳಿಬಿಡುತ್ತಾರೆ. ಹೀಗಾಗಿ ಹಬ್ಬಕ್ಕೆ ಮುಂಚಿನ ವಾರ ಅಕ್ಕನ ಒಲೆ ಆರುತ್ತಿರಲಿಲ್ಲ. ನಾನು ರಜೆ ಹಾಕಿ ಸಹಾಯಕ್ಕೆ ಹೋದೆ. ಅಡುಗೆಮನೆಯಲ್ಲಿ ಎದುರಿಗಿದ್ದವರ ಮುಖ ಕಾಣದಷ್ಟು ಹೊಗೆ. ಅದರ ನಡುವೆ ಪೆಟ್ಟಿಗೆಯ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಆ ವಾರ ಕೇಂದ್ರದ ಕಂಪ್ಯೂಟರಿನಲ್ಲಿ ಗೆರೆ ಪರದೆಯ ತುದಿ ಮುಟ್ಟಿತ್ತಂತೆ, ಸಂಶೋಧಕ ಎಲ್ಲರನ್ನೂ ಕರೆದು ತೋರಿಸಿದನಂತೆ.

ಹಬ್ಬದ ಮರುದಿನ ಅಕ್ಕ ಕೊಡ ಎತ್ತಲು ಬಗ್ಗಿದವಳು ಅಲ್ಲೇ ಕುಸಿದಳು. ಉಸಿರು ಒಳಗೆ ಹೋಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಯಾರದೋ ಜೀಪಿನಲ್ಲಿ ಹಾಕಿಕೊಂಡು ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ಅವಳ ಮೂಗಿಗೆ ನಳಿಗೆ ಸಿಕ್ಕಿಸಿದಾಗ ನನಗೆ ಅಳು ಬರಲಿಲ್ಲ, ಹೇಸಿಗೆ ಬಂತು. ಟೈಲ್ಸ್, ಶಾಲು, ತಿರುಗುವ ಕುರ್ಚಿ, ಎಲ್ಲವೂ ಒಂದೊಂದಾಗಿ ನೆನಪಾದವು. ಅಕ್ಕ ಆಸ್ಪತ್ರೆಯಲ್ಲಿದ್ದಷ್ಟು ದಿನ ಕೊಡ್ಲಿಯ ಮನೆಗೆ ಬೀಗ. ಒಲೆ ತಣ್ಣಗಿತ್ತು.

ಅದೇ ದಿನಗಳಲ್ಲಿ ಕೇಂದ್ರದವರು ಕೊಡ್ಲಿಯಲ್ಲಿ ಒಂದು ಜಾಗೃತಿ ಶಿಬಿರ ನಡೆಸಿದರು. ಸಮಾರಂಭದ ಡಬ್ಬಿ ಖಾಲಿಯಾಗಬೇಕಿತ್ತು. ಹೊಗೆಯ ಕೆಡುಕುಗಳ ಬಗ್ಗೆ ಬಣ್ಣದ ಕರಪತ್ರ ಹಂಚಿ, ಉಪ್ಪಿಟ್ಟು ಕೊಟ್ಟು ಬಂದರು. ಅಕ್ಕನ ಮನೆಯ ಬೀಗಕ್ಕೂ ಒಂದು ಕರಪತ್ರ ಸಿಕ್ಕಿಸಿದ್ದರು.

ಮಾರ್ಚ್‌ನಲ್ಲಿ ದಿಲ್ಲಿಯಿಂದ ಪರಿಶೀಲನಾ ಸಮಿತಿ ಬಂತು. ಎರಡನೆಯ ಕಂತು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ. ನಾನು ವೋಚರುಗಳ ಕಡತ ಹಿಡಿದು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಿರ್ದೇಶಕರು ಪರದೆಯ ಮೇಲೆ ಅಕ್ಕನ ಅಡುಗೆಮನೆಯ ಗೆರೆ ತೋರಿಸಿದರು. ಗೆರೆ ಏರಿ ಏರಿ ತುತ್ತತುದಿಗೆ ಹೋಗಿತ್ತು. ಅಲ್ಲಿಂದ ಒಮ್ಮೆಗೇ ಬಿದ್ದು ನೆಲ ಕಚ್ಚಿ ಮಲಗಿತ್ತು.

"ಇಲ್ಲಿ ಗಮನಿಸಬೇಕು," ಎಂದು ಅವರು ಬಿದ್ದ ಗೆರೆಯ ಮೇಲೆ ಕೆಂಪು ಬೆಳಕು ಆಡಿಸಿದರು. "ಇದು ನಮ್ಮ ಜಾಗೃತಿ ಶಿಬಿರ ನಡೆದ ವಾರ. ಯಾವ ಉಪಕರಣವೂ ಇಲ್ಲದೆ, ಕೇವಲ ತಿಳುವಳಿಕೆಯಿಂದ ಹೊಗೆ ಇಷ್ಟು ಇಳಿದಿದೆ."

ಸಮಿತಿಯವರು ಕುರ್ಚಿಯಲ್ಲಿ ಮೆಲ್ಲಗೆ ತಿರುಗಿ ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು. ಒಬ್ಬರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ನಾನು ಎದ್ದು ನಿಂತೆ. ನನಗೆ ಬರುವ ಹಿಂದಿಯಲ್ಲೇ ಹೇಳಿದೆ: "ಆ ವಾರ ಆ ಮನೆಯಲ್ಲಿ ಒಲೆಯೇ ಹೊತ್ತಿಲ್ಲ. ಆ ಹೆಂಗಸು ಉಸಿರಾಡಲಾಗದೆ ಆಸ್ಪತ್ರೆಯಲ್ಲಿದ್ದಳು. ಒಲೆಗೆ ಫ್ಯಾನು ಇತ್ತು, ಇವರೇ ಕಿತ್ತರು. ಆಕೆ ನನ್ನ ಅಕ್ಕ."

ಇವತ್ತು ಇವರ ಮುಖವಾಡ ಕಳಚಿತೆಂದು ನನಗೆ ಒಂದು ಗಳಿಗೆ ಅನ್ನಿಸಿದ್ದು ನಿಜ. ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ನಿರ್ದೇಶಕರ ಕಡೆ ತಿರುಗಿದರು.

"ಬಹಳ ಒಳ್ಳೆಯ ಅಂಶ," ಅಂದರು. "ನಿಮ್ಮ ಪ್ರಸ್ತಾವದಲ್ಲಿ ಆರೋಗ್ಯದ ಭಾಗವೇ ಇಲ್ಲವಲ್ಲ. ಶ್ವಾಸಕೋಶ ಪರೀಕ್ಷಿಸುವ ಉಪಕರಣ ಸೇರಿಸಿ. ಅದಕ್ಕೆ ಪ್ರತ್ಯೇಕ ಅನುದಾನ ಕೊಡಬಹುದು."

ನಿರ್ದೇಶಕರು ಬರೆದುಕೊಂಡರು. ಮುಂದಿನ ಪರದೆ ಬಂತು. ನಾನು ಇನ್ನೂ ನಿಂತೇ ಇದ್ದೆ. ಲೆಕ್ಕಾಧಿಕಾರಿ ನನ್ನ ಸೆರಗಿನ ತುದಿ ಹಿಡಿದು, "ಕುಂದ್ರಿ ಮೇಡಂ, ಕುಂದ್ರಿ," ಎಂದು ಪಿಸುಗುಟ್ಟಿದರು. ಅವರ ಕಣ್ಣು ಒದ್ದೆಯಾಗಿತ್ತು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಮಧ್ಯಾಹ್ನ ದಿಲ್ಲಿಯವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಊಟ. ಅದನ್ನು 'ಸ್ಥಳೀಯ ಆಹಾರ ಪ್ರಾತ್ಯಕ್ಷಿಕೆ' ಎಂದು ಬಿಲ್ಲು ಮಾಡಬೇಕೆಂಬ ಸೂಚನೆ ಬಂತು. ಕೈ ತೊಳೆಯುವಲ್ಲಿ ನಿರ್ದೇಶಕರು ಸಿಕ್ಕರು. ಬೈಯಬಹುದು, ನೋಟಿಸು ಕೊಡಬಹುದು ಎಂದು ಸಿದ್ಧಳಾಗಿ ನಿಂತೆ.

"ನೀವು ಮಾತಾಡಿದ್ದು ಒಳ್ಳೇದೇ ಆಯ್ತು ಮೇಡಂ," ಎಂದು ಅವರು ನಕ್ಕರು. "ನಮಗೆ ಆ ಆರೋಗ್ಯದ ವಿಷಯ ಹೊಳೆದೇ ಇರಲಿಲ್ಲ. ಥ್ಯಾಂಕ್ಸ್."

ಬೈಗುಳ ತಿಂದು ನಾನು ಬದುಕಬಲ್ಲೆ. ಈ ಥ್ಯಾಂಕ್ಸ್ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಎರಡನೆಯ ಕಂತು ಮಂಜೂರಾಯಿತು. ಅಕ್ಕ ಮನೆಗೆ ಬಂದಳು, ಆದರೆ ಇನ್ನು ಒಲೆಯ ಮುಂದೆ ಕೂರಬಾರದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಹೇಳಬೇಕಾಗಿಯೂ ಇರಲಿಲ್ಲ, ಹಿಟ್ಟು ನಾದಲು ಬಗ್ಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಜೊತೆಗಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳು ರೊಟ್ಟಿಯ ವ್ಯಾಪಾರವನ್ನು ತನ್ನ ಮನೆಗೆ ಒಯ್ದಳು. ಅವಳೂ ಆಗೀಗ ಕೆಮ್ಮುತ್ತಾಳೆ.

ಬೇಸಿಗೆಯ ಒಂದು ಭಾನುವಾರ ನಾನು ಕೊಡ್ಲಿಯಲ್ಲಿದ್ದಾಗ ಸಂಶೋಧಕ ಬಂದ. ಈ ಮನೆಯಲ್ಲಿ ಈಗ ಒಲೆ ಉರಿಯದ ಕಾರಣ ಇದು ಅಧ್ಯಯನದಿಂದ ಕೈಬಿಟ್ಟ ಮನೆ ಎಂದ. ಹಾಗಾದರೆ ಹೊಸ ಒಲೆ ಎಂದು ನಾನು ಕೇಳಿದೆ. ಬಳಸುವವರೇ ಇಲ್ಲದ ಮೇಲೆ ಕೊಡುವುದು ಹೇಗೆ ಎಂದ. ಗೋಡೆಯ ಪೆಟ್ಟಿಗೆಯನ್ನು ಬಿಚ್ಚಿದ, ಮೊಹರು ಹಚ್ಚಿದ ಉಕ್ಕಿನ ಒಲೆಯನ್ನೂ ಸರ್ಕಾರಿ ಆಸ್ತಿಯೆಂದು ಜೀಪಿಗೆ ಹಾಕಿಸಿದ. ಯಂತ್ರ ಯಾವ ಮನೆಗೆ ಹೋಗುತ್ತದೆಂದು ಅಕ್ಕ ಕೇಳಿದಳು. ಅವನು ಬೆರಳು ತೋರಿಸಿದ್ದು ಎದುರು ಸಾಲಿನಲ್ಲಿ ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದ ಮನೆಯ ಕಡೆಗೆ. ಮೊದಲ ಒಂದು ವರ್ಷ ಅಲ್ಲಿಯೂ ಅಳೆಯುತ್ತಾರಂತೆ, ಆಮೇಲೆ ಒಲೆ ಕೊಡುತ್ತಾರಂತೆ.

ಅವನು ಹೋದ ಮೇಲೆ ಅಕ್ಕ ಗೋಡೆ ಹಿಡಿದು ಮೆಲ್ಲಗೆ ಅಡುಗೆಮನೆಗೆ ಬಂದಳು. ನಾಲ್ಕೂ ಗೋಡೆ, ಮಾಡು, ಗೂಡು, ಎಲ್ಲ ಮಸಿ ಹಿಡಿದು ಕರ್ರಗಾಗಿದ್ದವು. ಪೆಟ್ಟಿಗೆ ತೂಗುತ್ತಿದ್ದಲ್ಲಿ ಮಾತ್ರ ಒಂದು ಚೌಕ, ಹಚ್ಚಿದ ದಿನದ ಸುಣ್ಣದ ಹಾಗೆ ಬೆಳ್ಳಗೆ ಉಳಿದಿತ್ತು.

ಅಕ್ಕ ಅದರ ಮೇಲೆ ಅಂಗೈ ಇಟ್ಟು, ಉಸಿರು ಹಿಂತಿರುಗುವವರೆಗೆ ನಿಂತಳು.

"ಅಷ್ಟ್ ಜಾಗಾ ಉಳಿಸ್ಯಾರ ನೋಡು ತಂಗಿ," ಅಂದಳು.